ಒತ್ತಿ ಕೂರಿಸುವುದೋ, ಕಾಯಿಸಿ ಕೂರಿಸುವುದೋ? ಶಾಫ್ಟಿಗೆ ಹಬ್ ಬಿಗಿಯುವ ದಾರಿಗಳ ಹೋಲಿಕೆ

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ವರ್ಕ್‌ಶಾಪಿಗೆ ವಾರಕ್ಕೆ ಮೂರ್ನಾಲ್ಕು ಜನರಾದರೂ ಒಂದು ಕೈಯಲ್ಲಿ ಶಾಫ್ಟು, ಇನ್ನೊಂದು ಕೈಯಲ್ಲಿ ಪುಲ್ಲಿ ಹಿಡಿದು ಬರುತ್ತಾರೆ. “ಸಾರ್, ಇದಕ್ಕೆ ಟೈಟ್ ಫಿಟ್ ಮಾಡ್ಕೊಡಿ.”

“ಎಷ್ಟು ಟೈಟ್?”

“ಚೆನ್ನಾಗಿ ಟೈಟ್ ಸಾರ್. ಮತ್ತೆ ಬಿಚ್ಚೋ ಹಂಗಿರಬಾರದು.”

“ಪುಲ್ಲಿ ಹಿಂದೆ ಬೇರಿಂಗ್ ಇದೆಯಲ್ಲಣ್ಣ, ಅದು ಹೋದ್ರೆ?”

ಇಲ್ಲಿಗೆ ಬಂದಾಗ ಮಾತು ನಿಲ್ಲುತ್ತದೆ. ಬೇರಿಂಗ್ ಹೋಗಿಯೇ ಹೋಗುತ್ತದೆ. ಅವತ್ತು ಪುಲ್ಲಿ ಹೊರಬರಲೇಬೇಕು. ಹಾಗಾಗಿ ಬಿಗಿ ಹೊಂದಿಕೆಯ ವಿಷಯದಲ್ಲಿ ನಾನು ಮೊದಲು ಕೇಳುವುದು ಇದು ಮುಂದೆ ಯಾವಾಗ, ಹೇಗೆ ಬಿಚ್ಚಬೇಕಾಗುತ್ತದೆ ಎಂದು. ಎಷ್ಟು ಬಿಗಿ, ಯಾವ ವಿಧಾನ ಅನ್ನುವುದು ಆಮೇಲಿನ ಮಾತು. ಒತ್ತುವುದು, ಕಾಯಿಸುವುದು, ತಣಿಸುವುದು, ಟೇಪರ್ (ಒಂದು ತುದಿಗೆ ಸಣ್ಣದಾಗುತ್ತಾ ಹೋಗುವ ಮೈ), ಅಂಟು, ಕೀ (ಶಾಫ್ಟಿಗೂ ಹಬ್‌ಗೂ ನಡುವಿನ ತೋಡಿನಲ್ಲಿ ಕೂರುವ ಉಕ್ಕಿನ ತುಂಡು), ಇವೆಲ್ಲದರ ನಡುವಿನ ಆಯ್ಕೆ ಅರ್ಧಕ್ಕರ್ಧ ಆ ಒಂದು ಉತ್ತರದಲ್ಲೇ ತೀರ್ಮಾನವಾಗುತ್ತದೆ.

ಹಿಡಿತ ಎಲ್ಲಿಂದ ಬರುತ್ತದೆ

ತೂತಿಗಿಂತ ಶಾಫ್ಟು ಒಂದಿಷ್ಟು ದಪ್ಪ ಇರಬೇಕು. ಆ ಹೆಚ್ಚುವರಿ ದಪ್ಪವನ್ನೇ ಬಿಗಿ ಎನ್ನುತ್ತೇವೆ. ಅದು ಮೈಕ್ರಾನ್ ಲೆಕ್ಕದ್ದು, ಅಂದರೆ ಮಿ.ಮೀ.ಯ ಸಾವಿರದ ಒಂದು ಪಾಲಿನ ಲೆಕ್ಕ. ಒಳಗೆ ಕೂತ ಮೇಲೆ ಹಬ್ (ಪುಲ್ಲಿ, ಗೇರುಗಳ ನಡುವಿನ ತೂತಿರುವ ಭಾಗ) ಹಿಗ್ಗಿರುತ್ತದೆ, ಶಾಫ್ಟು ಅಮುಕಿಕೊಂಡಿರುತ್ತದೆ, ಎರಡೂ ತಮ್ಮ ಮೊದಲಿನ ಅಳತೆಗೆ ಮರಳಲು ಎಳೆಯುತ್ತಿರುತ್ತವೆ. ಆ ಎಳೆತದಿಂದ ಹುಟ್ಟುವ ಒತ್ತಡ, ಅದರ ಜೊತೆಗೆ ಘರ್ಷಣೆ, ಇವೇ ಹಿಡಿತ.

ಒಂದು ಲೆಕ್ಕ ನೋಡಿ. 50 ಮಿ.ಮೀ. ವ್ಯಾಸದ, ಟೊಳ್ಳಲ್ಲದ ಉಕ್ಕಿನ ಶಾಫ್ಟು, 100 ಮಿ.ಮೀ. ಹೊರವ್ಯಾಸದ ಉಕ್ಕಿನ ಹಬ್, 50 ಮಿ.ಮೀ. ಉದ್ದದ ಕೂರುವ ಜಾಗ, 40 ಮೈಕ್ರಾನ್ ಬಿಗಿ. ಸಂಪರ್ಕದ ಒತ್ತಡ ಪ್ರತಿ ಚದರ ಮಿ.ಮೀ.ಗೆ ಸುಮಾರು 60 ನ್ಯೂಟನ್ ಬರುತ್ತದೆ. ಘರ್ಷಣೆಯ ಗುಣಾಂಕ 0.12 ಹಿಡಿದರೆ ಅದನ್ನು ಒಳಗೆ ತಳ್ಳಲು ಕೊನೆಯ ಹಂತದಲ್ಲಿ ಹೆಚ್ಚು ಕಡಿಮೆ 6 ಟನ್ ಬೇಕು, ಮತ್ತು ಅದು ಜಾರದೆ ಹೊರುವ ಟಾರ್ಕ್ (ತಿರುಚುವ ಬಲ) ಸುಮಾರು 1400 ನ್ಯೂಟನ್ ಮೀಟರ್. 1500 ಆರ್‌ಪಿಎಂನ 30 ಎಚ್‌ಪಿ ಮೋಟಾರ್ ಪೂರ್ತಿ ಲೋಡಿನಲ್ಲಿ ಕೊಡುವ ಟಾರ್ಕ್ 143ರ ಆಸುಪಾಸು. ಅದರ ಹತ್ತರಷ್ಟನ್ನು, ಕೀ ಇಲ್ಲದೆ, ಅರ್ಧ ಕೂದಲೆಳೆಯಷ್ಟು ದಪ್ಪ ಹೊರುತ್ತಿದೆ! ಇಪ್ಪತ್ತು ವರ್ಷದಿಂದ ಈ ಲೆಕ್ಕ ಮಾಡುತ್ತಿದ್ದೇನೆ, ಈಗಲೂ ಉತ್ತರ ಬಂದಾಗ ಒಂದು ಗಳಿಗೆ ಸುಮ್ಮನೆ ನೋಡುತ್ತೇನೆ.

ನಂಬಿಕೆ ಬರದವರು ಯಲಹಂಕದ ರೈಲು ಗಾಲಿ ಕಾರ್ಖಾನೆಯನ್ನು ನೆನೆಸಿಕೊಳ್ಳಲಿ. 1984ರಿಂದ ಅಲ್ಲಿ ಗಾಲಿ, ಆಕ್ಸಲ್ ತಯಾರಾಗಿ ಜೋಡಿಯಾಗುತ್ತಿವೆ. ಗಾಲಿಗೂ ಆಕ್ಸಲ್‌ಗೂ ನಡುವೆ ಕೀ ಇಲ್ಲ, ಬೋಲ್ಟ್ ಇಲ್ಲ, ವೆಲ್ಡಿಂಗ್ ಇಲ್ಲ. ಒತ್ತಿ ಕೂರಿಸಿದ ಬಿಗಿಯಷ್ಟೇ. ಮೆಜೆಸ್ಟಿಕ್‌ನಿಂದ ಹೊರಟ ರೈಲು ಅದರ ಮೇಲೆ ದೇಶ ಸುತ್ತುತ್ತದೆ.

ಡ್ರಾಯಿಂಗಿನಲ್ಲಿ ಇರುವುದು ಒಂದು ಅಳತೆಯಲ್ಲ, ಒಂದು ವ್ಯಾಪ್ತಿ

ಹೆಚ್ಚಿನವರು ಎಡವುವ ಜಾಗ ಇದು, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಫಿಟ್‌ಗಳ ಭಾರತೀಯ ಮಾನಕವಾದ ಐಎಸ್ 919 ಪಟ್ಟಿಯ ಪ್ರಕಾರ 50 ಮಿ.ಮೀ. ತೂತಿಗೆ ಎಚ್7 ಅಂದರೆ ಸೊನ್ನೆಯಿಂದ ಪ್ಲಸ್ 25 ಮೈಕ್ರಾನ್. ಶಾಫ್ಟಿಗೆ ಪಿ6 ಅಂದರೆ ಪ್ಲಸ್ 26ರಿಂದ ಪ್ಲಸ್ 42. “ಎಚ್7 ಪಿ6 ಪ್ರೆಸ್ ಫಿಟ್” ಎಂದು ಬರೆದು ಕೈತೊಳೆದುಕೊಂಡರೆ, ದೊಡ್ಡ ತೂತಿಗೆ ಸಣ್ಣ ಶಾಫ್ಟು ಸಿಕ್ಕಾಗ ಬಿಗಿ ಬರೀ 1 ಮೈಕ್ರಾನ್. ಸಣ್ಣ ತೂತಿಗೆ ದೊಡ್ಡ ಶಾಫ್ಟು ಸಿಕ್ಕರೆ 42. ಎರಡೂ ಜಾಬ್ ಇನ್‌ಸ್ಪೆಕ್ಷನ್‌ನಲ್ಲಿ ಪಾಸ್. ಒಂದು ರಬ್ಬರ್ ಸುತ್ತಿಗೆಯಲ್ಲೇ ಒಳಗೆ ಹೋಗುತ್ತದೆ, ಇನ್ನೊಂದಕ್ಕೆ ಪ್ರೆಸ್ ಬೇಕು.

ಇದರ ಮೇಲೆ ಮೇಲ್ಮೈಯ ಒರಟುತನವನ್ನೂ ಕಳೆಯಬೇಕು. ಟರ್ನಿಂಗ್ ಮಾಡಿದ ಮೈಯಲ್ಲಿ ಸಣ್ಣ ಸಣ್ಣ ದಿಬ್ಬಗಳಿರುತ್ತವೆ, ಮೈಕ್ರೋಮೀಟರ್ ಆ ದಿಬ್ಬದ ತುದಿಯನ್ನು ಅಳೆಯುತ್ತದೆ. ಕೂರಿಸುವಾಗ ತುದಿಗಳು ಜಜ್ಜಿಹೋಗುತ್ತವೆ. ಎರಡೂ ಮೈಯ ಒರಟುತನದ ಅಳತೆ ಆರ್‌ಎ 1.6ರ ಹತ್ತಿರ ಇದ್ದರೆ ಹತ್ತು ಮೈಕ್ರಾನ್ ಹೀಗೆಯೇ ಹೋಯಿತು ಎಂದು ಲೆಕ್ಕ ಹಾಕುತ್ತೇನೆ. ಅಂದರೆ ಮೇಲಿನ ಲೆಕ್ಕದ 40ರಲ್ಲಿ ನಿಜಕ್ಕೂ ಕೆಲಸ ಮಾಡುವುದು 30. ಪಿ6ನ ಆ 1 ಮೈಕ್ರಾನ್‌ನಲ್ಲಿ ಏನೂ ಉಳಿಯುವುದಿಲ್ಲ.

ಆದ್ದರಿಂದ ಪಿ6 ನನ್ನ ಲೆಕ್ಕದಲ್ಲಿ ಜಾಗ ಹಿಡಿಸುವ ಫಿಟ್, ಟಾರ್ಕ್ ಹೊರುವ ಫಿಟ್ ಅಲ್ಲ. ಬುಷ್ (ತೂತಿನೊಳಗೆ ಕೂರುವ ಸಣ್ಣ ಕೊಳವೆ) ಕೂರಿಸಲು, ಕೀ ಜೊತೆಗೆ ಪುಲ್ಲಿ ಕೂರಿಸಲು ಸಾಕು. ಕೀ ಇಲ್ಲದೆ ಟಾರ್ಕ್ ದಾಟಬೇಕಾದರೆ ಎಸ್6ಗೆ ಹೋಗಿ: ಅದೇ 50 ಮಿ.ಮೀ.ಗೆ ಬಿಗಿ 18ರಿಂದ 59 ಮೈಕ್ರಾನ್. ಇನ್ನೂ ಭಾರದ ಕೆಲಸಕ್ಕೆ ಯು6, 45ರಿಂದ 86. ಹಿಡಿತದ ಲೆಕ್ಕವನ್ನು ಕನಿಷ್ಠ ಬಿಗಿಗೆ ಹಾಕಿ, ಹಬ್ ಸೀಳುತ್ತದೆಯೇ ಎನ್ನುವ ಲೆಕ್ಕವನ್ನು ಗರಿಷ್ಠ ಬಿಗಿಗೆ ಹಾಕಿ. ಈ ಎರಡರಲ್ಲಿ ಒಂದನ್ನು ಮರೆತರೂ ಜಾಬ್ ವಾಪಸ್ ಬರುತ್ತದೆ.

ಹಬ್ ತೆಳುವಾದರೆ ಎರಡು ಕಡೆಯಿಂದಲೂ ನಷ್ಟ. 100ರ ಬದಲು 65 ಮಿ.ಮೀ. ಹೊರವ್ಯಾಸ ಇಟ್ಟರೆ, ಅದೇ 40 ಮೈಕ್ರಾನ್‌ಗೆ ಒತ್ತಡ 60ರಿಂದ 33ಕ್ಕೆ ಇಳಿಯುತ್ತದೆ, ಆದರೆ ಹಬ್‌ನ ಒಳಮೈಯಲ್ಲಿ ಎಳೆತ 100ರಿಂದ 127ಕ್ಕೆ ಏರುತ್ತದೆ. ಹಿಡಿತ ಅರ್ಧ, ಸೀಳುವ ಅಪಾಯ ಜಾಸ್ತಿ. ಎರಕದ ಕಬ್ಬಿಣದ ತೆಳು ಹಬ್‌ಗೆ ಬಿಗಿ ಫಿಟ್ ಮಾಡಿಕೊಡಿ ಎಂದರೆ ನಾನು ಒಪ್ಪುವುದಿಲ್ಲ, ಕೀ ಹಾಕಿಸಿ ಎನ್ನುತ್ತೇನೆ.

ಪ್ರೆಸ್‌ನಲ್ಲಿ ಒತ್ತುವುದು

ಹೈಡ್ರಾಲಿಕ್ ಪ್ರೆಸ್ ಎಲ್ಲರ ಹತ್ತಿರವೂ ಇದೆ, ಖರ್ಚು ಕಡಿಮೆ, ಕೆಲಸ ಐದು ನಿಮಿಷದ್ದು. ಇದರ ದೊಡ್ಡ ಲಾಭವನ್ನು ಬಹಳ ಜನ ಗಮನಿಸುವುದೇ ಇಲ್ಲ: ಒತ್ತುವಾಗಲೇ ಪರೀಕ್ಷೆಯೂ ಆಗಿಬಿಡುತ್ತದೆ. ಗೇಜಿನ ಮುಳ್ಳು ಶುರುವಿನಿಂದ ಕೊನೆಯವರೆಗೆ ಒಂದೇ ಸಮನೆ ಏರಬೇಕು. ನಡುವೆ ಹಾರಿದರೆ ಮೈ ಗೀರಿಕೊಂಡಿದೆ, ನಡುವೆ ಬಿದ್ದರೆ ತೂತು ಗುಂಡಗಿಲ್ಲ, ಏರಲೇ ಇಲ್ಲ ಎಂದರೆ ಬಿಗಿ ಇಲ್ಲ. ರೈಲು ಗಾಲಿ ಒತ್ತುವಾಗ ಬಲದ ಗ್ರಾಫ್ ದಾಖಲಿಸುವುದು ಇದಕ್ಕೇ. ನಮ್ಮಲ್ಲಿ ಗ್ರಾಫ್ ಇಲ್ಲ, ಆದರೆ ಪ್ರೆಸ್ ಹುಡುಗ ಪ್ರತಿ ಹತ್ತು ಮಿ.ಮೀ.ಗೆ ಒಮ್ಮೆ ಟನ್ ಎಷ್ಟೆಂದು ಸೀಮೆಸುಣ್ಣದಲ್ಲಿ ಪ್ರೆಸ್‌ನ ಕಂಬದ ಮೇಲೆ ಬರೆಯುತ್ತಾನೆ.

ಕಷ್ಟ ಇರುವುದು ಮೇಲ್ಮೈಗೆ. ಬಿಗಿ ಹೆಚ್ಚಾದಷ್ಟೂ ಲೋಹ ಲೋಹವನ್ನು ಉಜ್ಜುತ್ತದೆ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒಣಗಿದ್ದಾಗ ಒತ್ತಿದರೆ ಅರ್ಧದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಆಮೇಲೆ ಮುಂದೂ ಇಲ್ಲ, ಹಿಂದೂ ಇಲ್ಲ. ಎಣ್ಣೆ ಸವರಿ, ಶಾಫ್ಟಿನ ತುದಿಗೆ 15 ಡಿಗ್ರಿಗಿಂತ ಕಡಿಮೆ ಇಳಿಜಾರು ಕೊಡಿ. 45 ಡಿಗ್ರಿಯ ಚೇಂಫರ್ ದಾರಿ ತೋರಿಸುವುದಿಲ್ಲ, ಉಳಿಯ ಹಾಗೆ ತೂತನ್ನು ಹೆರೆಯುತ್ತದೆ. ಒಂದು ಕಡೆ ಮುಚ್ಚಿರುವ ತೂತಿಗೆ ಗಾಳಿ ಹೊರಹೋಗಲು ದಾರಿ ಬಿಡುವುದನ್ನು ಮರೆಯಬೇಡಿ.

ಪಿ6, ಎಸ್6ನ ಕೆಳಗಿನ ಭಾಗ, ಸಣ್ಣ ಬುಷ್‌ಗಳು, ಒಂದೇ ತರಹದ ನೂರಾರು ಜಾಬ್: ಇಲ್ಲೆಲ್ಲ ಪ್ರೆಸ್ಸೇ ಸರಿ.

ಕಾಯಿಸಿ ಕೂರಿಸುವುದು

ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನಾನು ಚಿಕ್ಕವನಿದ್ದಾಗ ಮಾಗಡಿ ಕಡೆಯ ನಮ್ಮೂರಲ್ಲಿ ನೋಡಿದ್ದೇನೆ. ಸುತ್ತ ಬೆರಣಿ ಒಟ್ಟಿ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಇಬ್ಬರು ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಇಳಿಸಿ, ಮರ ಹೊತ್ತಿಕೊಳ್ಳುವ ಮೊದಲು ಕೊಡ ಕೊಡ ನೀರು ಸುರಿಯುತ್ತಿದ್ದರು. ಚಕ್ರದ ಕೀಲುಗಳೆಲ್ಲ ಕಟಕಟನೆ ಬಿಗಿದುಕೊಳ್ಳುವ ಸದ್ದು ಕೇಳಿಸುತ್ತಿತ್ತು. ಪೀಣ್ಯದಲ್ಲಿ ಇವತ್ತು ನಾವು ಮಾಡುವುದೂ ಅದನ್ನೇ, ಥರ್ಮಾಮೀಟರ್ ಇಟ್ಟುಕೊಂಡು.

ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 50 ಮಿ.ಮೀ. ತೂತಿಗೆ ಅದು ಡಿಗ್ರಿಗೆ 0.575 ಮೈಕ್ರಾನ್. ಎಸ್6ನ ಗರಿಷ್ಠ ಬಿಗಿ 59, ಸಲೀಸಾಗಿ ಜಾರಲು ಇನ್ನೊಂದು 50, ಒಟ್ಟು 109 ಮೈಕ್ರಾನ್ ಹಿಗ್ಗಬೇಕು. ಅಂದರೆ 190 ಡಿಗ್ರಿ ಏರಿಕೆ. ಬೆಂಗಳೂರಿನ ಮಧ್ಯಾಹ್ನದ 28 ಸೇರಿಸಿದರೆ 220 ಡಿಗ್ರಿ ಸೆಲ್ಸಿಯಸ್ ಹತ್ತಿರ. ಆ 50 ಮೈಕ್ರಾನ್ ಸಡಿಲವನ್ನು ಉಳಿಸಲು ಹೋಗಬೇಡಿ. ಬಿಸಿ ಹಬ್ ತಣ್ಣನೆಯ ಶಾಫ್ಟನ್ನು ಮುಟ್ಟಿದ ಕೂಡಲೇ ಕುಗ್ಗಲು ಶುರು ಮಾಡುತ್ತದೆ. ನಿಮ್ಮ ಕೈಯಲ್ಲಿರುವುದು ಕೆಲವೇ ಸೆಕೆಂಡು.

ಅದನ್ನು ನಾನು ಕಲಿತದ್ದು ನಷ್ಟದಿಂದ. ಜಿಗಣಿಯ ಒಂದು ಗ್ರಾನೈಟ್ ಕತ್ತರಿಸುವ ಘಟಕದಿಂದ ದೊಡ್ಡ ಪುಲ್ಲಿ ಬಂದಿತ್ತು. ಬೇಗ ಬೇಕೆಂದು ಓವನ್‌ಗೆ ಹಾಕದೆ ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿದೆ. ಒಂದು ಪಕ್ಕ ಹೆಚ್ಚು ಕಾದು ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಇಳಿಸುವಾಗ ಮೂರರಲ್ಲಿ ಎರಡು ಭಾಗ ಹೋಗಿ, ಕೀವೇ (ಕೀ ಕೂರುವ ತೋಡು) ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಿದೆ. ಒಂದು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಅದು ಹಿಡಿದುಕೊಂಡಿತ್ತು. 20 ಟನ್ ಪ್ರೆಸ್‌ಗೂ ಅಲುಗಲಿಲ್ಲ. ಎಳೆಯಲು ಪುಲ್ಲಿಯಲ್ಲಿ ಪುಲ್ಲರ್‌ಗೆ ತೂತುಗಳೂ ಇರಲಿಲ್ಲ. ಕೊನೆಗೆ ಹೊಸ ಪುಲ್ಲಿಯನ್ನೇ ಸೀಳಿ ತೆಗೆದು, ನನ್ನ ಖರ್ಚಿನಲ್ಲಿ ಇನ್ನೊಂದು ಮಾಡಿಕೊಟ್ಟೆ. ನಮ್ಮ ಹಿರಿಯ ಫಿಟ್ಟರ್ ಅವತ್ತು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: “ಇಳಿಸೋದಕ್ಕೆ ಮುಂಚೆ ನೋಡ್ಬೇಕು ಸಾರ್, ಇಳಿಸುವಾಗ ನೋಡಬಾರದು.”

ಈಗ ಓವನ್ ಅಥವಾ ಇಂಡಕ್ಷನ್ ಹೀಟರ್ ಬಿಟ್ಟು ಬೇರೆ ಇಲ್ಲ. ಕಾಯಿಸುವ ಮೊದಲು ತಣ್ಣನೆಯ ಶಾಫ್ಟಿನ ಮೇಲೆ ತಡೆ ಕಟ್ಟಿಡುತ್ತೇವೆ, ಎಲ್ಲಿಗೆ ಬಂದು ನಿಲ್ಲಬೇಕೋ ಅಲ್ಲಿಗೆ. ಹಬ್ ಹೊರಗೆ ಬಂದಾಗ ಒಳಗಿನ ತೂತನ್ನು ಬೋರ್ ಗೇಜ್‌ನಲ್ಲಿ ಅಳೆದು, ಹಿಗ್ಗಿರುವುದು ಖಾತ್ರಿಯಾದ ಮೇಲೆಯೇ ಇಳಿಸುವುದು. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ನಂಬಬೇಡಿ, ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ.

ಕಾಯಿಸುವ ವಿಧಾನದಲ್ಲಿ ಮೇಲ್ಮೈ ಉಜ್ಜಿಹೋಗುವುದಿಲ್ಲ. ಹಾಗಾಗಿ ಅದೇ ಬಿಗಿಗೆ ಒತ್ತಿ ಕೂರಿಸಿದ್ದಕ್ಕಿಂತ ಹಿಡಿತ ಹೆಚ್ಚು. ಯು6 ತರಹದ ಭಾರದ ಬಿಗಿಗೆ ಇದೇ ದಾರಿ.

ಒಂದು ಎಚ್ಚರಿಕೆ. ಕೇಸ್ ಹಾರ್ಡನಿಂಗ್ ಆದ (ಮೇಲ್ಪದರವನ್ನು ಗಟ್ಟಿ ಮಾಡಿದ) ಗೇರುಗಳನ್ನು ಸಾಮಾನ್ಯವಾಗಿ 150ರಿಂದ 200 ಡಿಗ್ರಿಯಲ್ಲಿ ಟೆಂಪರ್ ಮಾಡಿರುತ್ತಾರೆ, ಅಂದರೆ ಹದಕ್ಕೆ ಬರಲು ಮತ್ತೆ ಕಾಯಿಸಿರುತ್ತಾರೆ. ಅದಕ್ಕಿಂತ ಮೇಲೆ ಕಾಯಿಸಿದರೆ ಹಲ್ಲು ಮೆದುವಾಗುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಬೇರಿಂಗಿಗೆ 120 ಡಿಗ್ರಿ ದಾಟಬೇಡಿ. ಸೀಲ್ ಇರುವ, ಗ್ರೀಸ್ ತುಂಬಿದ ಬೇರಿಂಗಿಗೆ 80ರೊಳಗೆ ಇರಿ. 50 ಮಿ.ಮೀ. ಬೋರ್‌ನ 6310 ಬೇರಿಂಗ್ ಕೆ6 ಶಾಫ್ಟಿನ ಮೇಲೆ ಹೆಚ್ಚೆಂದರೆ 30 ಮೈಕ್ರಾನ್ ಬಿಗಿ. 110 ಡಿಗ್ರಿಗೆ ಕಾಯಿಸಿದರೆ 45 ಮೈಕ್ರಾನ್‌ಗೂ ಮೇಲೆ ಹಿಗ್ಗುತ್ತದೆ, ಕೈಯಲ್ಲೇ ಜಾರಿ ಕೂರುತ್ತದೆ. ಹೊರ ರಿಂಗಿನ ಮೇಲೆ ಸುತ್ತಿಗೆ ಬಡಿದು ಒಳ ರಿಂಗನ್ನು ಕೂರಿಸುವುದನ್ನು ದಯವಿಟ್ಟು ಬಿಡಿ. ಆ ಏಟೆಲ್ಲ ಗುಂಡುಗಳ ಮೂಲಕ ಹಾದು ಟ್ರ್ಯಾಕಿನಲ್ಲಿ ಗುಳಿ ಬೀಳಿಸುತ್ತದೆ, ಬೇರಿಂಗ್ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ.

ತಣಿಸುವುದು

ಹಬ್ ಕಾಯಿಸುವಂತಿಲ್ಲದಿದ್ದಾಗ, ಅಥವಾ ಓವನ್‌ಗೆ ಹಿಡಿಸದಷ್ಟು ದೊಡ್ಡ ಹೌಸಿಂಗ್‌ಗೆ ಸಣ್ಣ ಬುಷ್ ಹಾಕುವಾಗ, ಒಳಗೆ ಹೋಗುವ ಭಾಗವನ್ನು ಕುಗ್ಗಿಸುತ್ತೇವೆ. ಡ್ರೈ ಐಸ್ ಮೈನಸ್ 78 ಡಿಗ್ರಿ, 50 ಮಿ.ಮೀ. ಉಕ್ಕು ಸುಮಾರು 50 ಮೈಕ್ರಾನ್ ಕುಗ್ಗುತ್ತದೆ. ದ್ರವ ನೈಟ್ರೋಜನ್ ಮೈನಸ್ 196; ಸುಮಾರು 100 ಮೈಕ್ರಾನ್. ಇನ್ನೂ ತಣಿಸಿ ಇನ್ನೂ ಕುಗ್ಗಿಸೋಣ ಎಂದರೆ ಮುಂದೆ ದಾರಿಯಿಲ್ಲ, ಅಷ್ಟೇ. ಕಾಯಿಸುವುದರಲ್ಲಿ ಇರುವ ಸ್ವಾತಂತ್ರ್ಯ ಇಲ್ಲಿಲ್ಲ. ಗೇರನ್ನು 140 ಡಿಗ್ರಿಗೆ ಕಾಯಿಸಿ ಶಾಫ್ಟನ್ನು ಡ್ರೈ ಐಸ್‌ನಲ್ಲಿ ಇಟ್ಟು ಎರಡನ್ನೂ ಬೆರೆಸುವುದು ನನಗೆ ಇಷ್ಟವಾದ ಉಪಾಯ, ಗಟ್ಟಿ ಹಲ್ಲಿಗೂ ತೊಂದರೆಯಿಲ್ಲ.

ಒಂದು ಲೀಟರ್ ದ್ರವ ನೈಟ್ರೋಜನ್ ಆವಿಯಾದರೆ ಸುಮಾರು 700 ಲೀಟರ್ ಗ್ಯಾಸ್. ಶಟರ್ ಎಳೆದ ಸಣ್ಣ ಶೆಡ್‌ನಲ್ಲಿ ಅದು ಉಸಿರಾಡುವ ಗಾಳಿಯನ್ನು ಸದ್ದಿಲ್ಲದೆ ಹೊರದಬ್ಬುತ್ತದೆ. ಬಾಗಿಲು ತೆರೆದಿಟ್ಟು, ಇಬ್ಬರು ಇದ್ದಾಗ ಮಾತ್ರ ಮಾಡಿ.

ಕೀ, ಟೇಪರ್, ಅಂಟು

50 ಮಿ.ಮೀ. ಶಾಫ್ಟಿಗೆ 14×9 ಕೀ, ಜೊತೆಗೆ ಹಗುರ ಫಿಟ್. ಬೆಂಗಳೂರಿನ ಮುಕ್ಕಾಲು ಪಾಲು ಪುಲ್ಲಿ, ಕಪ್ಲಿಂಗ್‌ಗಳು ಹೀಗೇ ಇವೆ, ಬಿಚ್ಚುವುದು ಸುಲಭ, ಹಿಟ್ಟಿನ ಗಿರಣಿಗೆ, ಫ್ಯಾನಿಗೆ ಧಾರಾಳ ಸಾಕು. ಆದರೆ ತಿರುಗುವ ದಿಕ್ಕು ಪದೇ ಪದೇ ಬದಲಾಗುವ ಕಡೆ ಕೀ ತನ್ನ ತೋಡಿನಲ್ಲಿ ಆಡಲು ಶುರು ಮಾಡುತ್ತದೆ, ಆಮೇಲೆ ಕೀವೇ ಮೂಲೆಯಿಂದಲೇ ಶಾಫ್ಟು ಬಿರುಕು ಬಿಡುತ್ತದೆ. ಅಲ್ಲಿ ಬಿಗಿ ಫಿಟ್ ಗೆಲ್ಲುತ್ತದೆ.

ವರ್ಷಕ್ಕೆ ಎರಡು ಸಲ ಬಿಚ್ಚುವ ಪುಲ್ಲಿಗೆ ಟೇಪರ್ ಲಾಕ್ ಬುಷ್ ತೆಗೆದುಕೊಳ್ಳಿ, ಇದು ಸ್ಕ್ರೂ ಬಿಗಿದಾಗ ಶಾಫ್ಟನ್ನು ಹಿಡಿದುಕೊಳ್ಳುವ ಸೀಳಿರುವ ಟೇಪರ್ ಕೊಳವೆ. ಎಸ್‌ಜೆಪಿ ರಸ್ತೆಯಲ್ಲಿ ಸಿಗುತ್ತದೆ. ಬೆಲೆ ಹೆಚ್ಚು ಎಂದು ಹಿಂದೆ ಸರಿಯಬೇಡಿ: ಸ್ಕ್ರೂ ಬಿಚ್ಚಿ ಅದನ್ನೇ ಪಕ್ಕದ ತೂತಿಗೆ ಹಾಕಿ ತಿರುಗಿಸಿದರೆ ಬುಷ್ ತಾನೇ ಸಡಿಲವಾಗುತ್ತದೆ. ಒಂದು ಸಲ ಪುಲ್ಲಿ ಸೀಳುವುದು ತಪ್ಪಿದರೂ ದುಡ್ಡು ವಾಪಸ್.

ಅಂಟಿನ ಬಗ್ಗೆ ಮೊದಲು ನನಗೂ ಅನುಮಾನವಿತ್ತು. ಲಾಕ್‌ಟೈಟ್ 638 ತರಹದವು ಗಾಳಿ ಸಿಗದ ಸಂದಿಯಲ್ಲಿ, ಲೋಹದ ಸಂಪರ್ಕದಲ್ಲಿ ಗಟ್ಟಿಯಾಗುತ್ತವೆ. ಕ್ಯಾಟಲಾಗಿನಲ್ಲಿ ಉಕ್ಕಿನ ಮೇಲೆ ಚದರ ಮಿ.ಮೀ.ಗೆ 25 ನ್ಯೂಟನ್‌ಗೂ ಮೇಲೆ ಎಂದಿರುತ್ತದೆ. ಎಣ್ಣೆ ಜಿಡ್ಡು, ಸಂದಿಯ ಅಗಲ, ಬಿಸಿ ಎಲ್ಲ ಲೆಕ್ಕಕ್ಕೆ ತಂದು ನಾನು ಅದರ ಕಾಲು ಭಾಗವನ್ನೇ ನಂಬುತ್ತೇನೆ, ಅಷ್ಟೂ ಬಹಳ. ಸವೆದ ಶಾಫ್ಟಿನ ಮೇಲೆ ಬೇರಿಂಗ್ ಸುತ್ತುತ್ತಿದ್ದರೆ ಇದು ಒಳ್ಳೆಯ ರಿಪೇರಿ. ಅಸಿಟೋನ್‌ನಲ್ಲಿ ಒರೆಸಿ, ಹಚ್ಚಿ, ಮುಟ್ಟದೆ ಬಿಡಿ. ಬಿಚ್ಚಬೇಕಾದಾಗ 250 ಡಿಗ್ರಿಗೆ ಕಾಯಿಸಿ, ಬಿಸಿಯಿರುವಾಗಲೇ ಎಳೆಯಿರಿ. ಸ್ಟೇನ್‌ಲೆಸ್‌ಗೆ ಆಕ್ಟಿವೇಟರ್ (ಅಂಟು ಗಟ್ಟಿಯಾಗಲು ನೆರವಾಗುವ ದ್ರವ) ಬೇಕು.

ಆದರೆ ಸವೆದ ಶಾಫ್ಟಿಗೆ ಸೆಂಟರ್ ಪಂಚ್‌ನಿಂದ ಚುಕ್ಕಿ ಹೊಡೆದು ಬೇರಿಂಗ್ ಕೂರಿಸುವ ಅಭ್ಯಾಸವಿದೆಯಲ್ಲ, ಅದು ನನಗೆ ಸಂಕಟ ಕೊಡುವ ಕೆಲಸ. ಬೇರಿಂಗ್ ಆಗ ಹತ್ತಿಪ್ಪತ್ತು ಮೊನೆಗಳ ಮೇಲೆ ನಿಂತಿರುತ್ತದೆ. ಮೊನೆಗಳು ತಿಂಗಳಲ್ಲಿ ಜಜ್ಜಿಹೋಗುತ್ತವೆ, ನಡುವೆ ಕೆಂಪು ತುಕ್ಕಿನ ಪುಡಿ ಸುರಿಯುತ್ತದೆ, ಶಾಫ್ಟು ಮೊದಲಿಗಿಂತ ಕೆಡುತ್ತದೆ.

ಅಲ್ಯೂಮಿನಿಯಂ ಇದ್ದರೆ ಲೆಕ್ಕವೇ ಬೇರೆ

ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. 62 ಮಿ.ಮೀ. ಹೊರವ್ಯಾಸದ 6206 ಬೇರಿಂಗ್ ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ಕೂತು 60 ಡಿಗ್ರಿ ಬಿಸಿಯೇರಿದರೆ, ಸುಮಾರು 40 ಮೈಕ್ರಾನ್ ಬಿಗಿ ತಾನಾಗಿ ಕರಗುತ್ತದೆ. ಬೆಳಿಗ್ಗೆ ಬಿಗಿಯಾಗಿದ್ದದ್ದು ಮಧ್ಯಾಹ್ನ ಒಳಗೇ ಸುತ್ತುತ್ತಿರುತ್ತದೆ. ಮೆಷಿನ್ ಓಡುವಾಗಿನ ಬಿಸಿಯಲ್ಲಿ ಲೆಕ್ಕ ಹಾಕಿ, ವರ್ಕ್‌ಶಾಪಿನ ತಂಪಿನಲ್ಲಲ್ಲ. ಗ್ರೈಂಡಿಂಗ್‌ನಿಂದ ಈಗ ತಾನೇ ಇಳಿಸಿದ ಬೆಚ್ಚಗಿನ ಶಾಫ್ಟನ್ನು ಅಳೆಯುವುದೂ ಇದೇ ತಪ್ಪಿನ ಇನ್ನೊಂದು ಮುಖ: 50 ಮಿ.ಮೀ. ಶಾಫ್ಟು 15 ಡಿಗ್ರಿ ಬೆಚ್ಚಗಿದ್ದರೆ ಎಂಟು ಮೈಕ್ರಾನ್ ಸುಳ್ಳು ಹೇಳುತ್ತದೆ.

ಬಿಚ್ಚುವ ದಾರಿಯನ್ನು ಮೊದಲೇ ಕೊರೆಯಿರಿ

ಹಬ್‌ನ ಮುಖದಲ್ಲಿ ಪುಲ್ಲರ್‌ಗಾಗಿ ಎರಡು ಎಂ12 ಟ್ಯಾಪ್ ತೂತು (12 ಮಿ.ಮೀ. ಬೋಲ್ಟ್ ತಿರುಗಿಸಿ ಕೂರಿಸುವ ತೂತು). ಶಾಫ್ಟಿನ ತುದಿಯಲ್ಲಿ ಒಂದು ಸೆಂಟರ್ ಗುಳಿ, ಸಾಧ್ಯವಾದರೆ ಒಂದು ಟ್ಯಾಪ್. ದೊಡ್ಡ ಜಾಬ್ ಆದರೆ ಶಾಫ್ಟಿನೊಳಗಿಂದ ಕೂರುವ ಜಾಗದ ನಡುವಿಗೆ ಎಣ್ಣೆ ದಾರಿ. ಬಿಚ್ಚುವಾಗ ಕೈಪಂಪಿನಲ್ಲಿ ಎಣ್ಣೆ ಒತ್ತಿದರೆ ಹಬ್ ಎಣ್ಣೆಯ ಪೊರೆಯ ಮೇಲೆ ತೇಲಿ ಬರುತ್ತದೆ. ಇಷ್ಟಕ್ಕೆ ಹೊಸದರಲ್ಲಿ ಅರ್ಧ ಗಂಟೆ ಕೆಲಸ.

ಜಿಗಣಿಯ ಪುಲ್ಲಿ ಸೀಳಿದ ಮೇಲೆ ಎರಡನೆಯದಕ್ಕೆ ಆ ತೂತುಗಳನ್ನು ಹಾಕಿ, ಶಾಫ್ಟಿನ ಅಳತೆ, ತೂತಿನ ಅಳತೆ ಎರಡನ್ನೂ ಹಬ್‌ನ ಮುಖದ ಮೇಲೆ ನಂಬರ್ ಪಂಚ್‌ನಲ್ಲಿ ಕೊರೆದು ಕಳಿಸಿದ್ದೆ. ಆರು ವರ್ಷ ಓಡಿ ಹೋದ ತಿಂಗಳು ಬೇರಿಂಗ್ ಬದಲಿಸಲು ಅದು ವಾಪಸ್ ಬಂತು. ಪುಲ್ಲರ್ ಕಟ್ಟಿ, ಹಬ್ ಸುತ್ತ ಸಮನಾಗಿ ಬಿಸಿ ಕೊಟ್ಟು ಬೋಲ್ಟ್ ತಿರುಗಿಸಿದರು. ಟಣ್ ಎಂದು ಒಂದೇ ಸದ್ದು, ಪುಲ್ಲಿ ಎರಡು ಮಿ.ಮೀ. ಈಚೆಗೆ ಬಂದಿತ್ತು. ಶಾಫ್ಟು ತಣಿದ ಮೇಲೆ ಮೈಕ್ರೋಮೀಟರ್ ಹಿಡಿದು ನೋಡಿದೆ: ಪಂಚ್ ಮಾಡಿದ್ದಕ್ಕಿಂತ 4 ಮೈಕ್ರಾನ್ ಕಡಿಮೆ. ಮೈ ಬೂದುಬಣ್ಣಕ್ಕೆ ಹೊಳೆಯುತ್ತಿತ್ತು, ತುಕ್ಕಿನ ಪುಡಿ ಎಲ್ಲೂ ಇರಲಿಲ್ಲ. ಹೊಸ ಅಳತೆಯನ್ನು ಹಳೆಯದರ ಕೆಳಗೆ ಕೊರೆದು, ಅದೇ ಸಂಜೆ ಮತ್ತೆ ಕಾಯಿಸಿ ಕೂರಿಸಿದೆವು.